‘ಬರುತ್ತಾನೆ’ಯೊಳಗೊಂದು ಆನೆ

ಕಂಪ್ಯೂಟರಿನಲ್ಲಿ ‘ಆನೆ’ ಎಂದು ಹುಡುಕಿದರೆ ಕಾಡಾನೆ ಸಿಗುವುದಿಲ್ಲ. ನಂಬಿಕೆ ಬರದಿದ್ದರೆ ಈಗಲೇ ಮಾಡಿ ನೋಡಿ ಮಕ್ಕಳೇ. ಯಾವುದಾದರೂ ಪಠ್ಯ ಸಂಪಾದಕ ತೆರೆದು ‘ಕಾಡಾನೆ’ ಎಂದು ಬೆರಳಚ್ಚಿಸಿ, ಹುಡುಕುವ ಪೆಟ್ಟಿಗೆಯಲ್ಲಿ ‘ಆನೆ’ ಎಂದು ಕೊಡಿ. ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅಷ್ಟು ದೊಡ್ಡ ಪ್ರಾಣಿ ಕಣ್ಣೆದುರೇ ನಿಂತಿದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ!

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬರೀ ತಮಾಷೆಯಲ್ಲ. ಸಕಲೇಶಪುರ ಪೇಟೆ ದಾಟಿ ಮಂಗಳೂರಿನ ಹೆದ್ದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ಆನೇಮಹಲ್ ಸಿಗುತ್ತದೆ. ಇನ್ನೂ ಮುಂದೆ ದೋಣಿಗಾಲ್. ಅಲ್ಲಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ. ಈ ಸೀಮೆಯಲ್ಲಿ ಕಾಫಿ ತೋಟ, ಗದ್ದೆ, ಕಾಡು ಒಂದರ ಮಗ್ಗುಲಿಗೆ ಒಂದು ಇವೆ. ಹಾಗಾಗಿ ಕಾಡಾನೆಗಳು ಎಲ್ಲಿವೆ, ಯಾವ ಕಡೆ ಹೊರಟಿವೆ ಎಂದು ಅರಣ್ಯ ಇಲಾಖೆ ಜನರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅಂಥ ಸಂದೇಶಗಳನ್ನೂ ಮನೆಯವರ ಸಂದೇಶಗಳನ್ನೂ ಒಂದೇ ಕಡತದಲ್ಲಿ ಅಂಟಿಸಿ ಇಟ್ಟುಕೊಂಡಿದ್ದೀರಿ ಎಂದುಕೊಳ್ಳೋಣ. ನಮ್ಮ ಆಟಕ್ಕೆ ಏಳು ಸಾಲು ಸಾಕು. ಸಾಲುಗಳು ನಾನೇ ಕಟ್ಟಿದವು, ಊರುಗಳು ಮಾತ್ರ ನಿಜದವು.

1 ಆನೇಮಹಲ್ ಬಳಿ ಎರಡು ಆನೆ ರಸ್ತೆ ದಾಟಿವೆ
2 ದೋಣಿಗಾಲ್ ಕಡೆ ಒಂದು ಕಾಡಾನೆ
3 ಹೆತ್ತೂರು ಕಡೆ ಹೆಣ್ಣಾನೆ, ಜೊತೆಗೆ ಮರಿಯಾನೆ
4 ತಮ್ಮ ನಾಳೆ ಬೆಳಗೋಡಿನಿಂದ ಬರುತ್ತಾನೆ
5 ಆನೆಮಹಲು ಕೆರೆ ಹತ್ತಿರ ಸಲಗ
6 ಅಣ್ಣ ತೋಟದಲ್ಲಿ ಇದ್ದಾನೆ
7 ಯಸಳೂರು ಹತ್ತಿರ ಮದ್ದಾನೆ, ಹುಷಾರು

‘ಆನೆ’ ಎಂದು ಹುಡುಕಿದರೆ ಸಿಗುವುದು ಎರಡೇ ಕಡೆ. ಒಂದನೇ ಸಾಲಿನ ‘ಎರಡು ಆನೆ’ ಸಿಕ್ಕಿತು, ಸರಿ. ಐದನೇ ಸಾಲೂ ಸಿಕ್ಕಿತು, ಆದರೆ ಅಲ್ಲಿ ಸಿಕ್ಕಿದ್ದು ಊರಿನ ಹೆಸರಿನ ಮೊದಲರ್ಧ. ಆ ಸಾಲಿನಲ್ಲಿ ನಿಜವಾಗಿ ನಿಂತಿರುವ ಸಲಗ ಕಂಪ್ಯೂಟರಿನ ಲೆಕ್ಕಕ್ಕೆ ಬಂದೇ ಇಲ್ಲ! ಕಾಡಾನೆ, ಹೆಣ್ಣಾನೆ, ಮರಿಯಾನೆ, ಮದ್ದಾನೆ ನಾಲ್ಕೂ ತಪ್ಪಿಸಿಕೊಂಡವು.

ಯಾಕೆ ಹೀಗೆ? ಕಂಪ್ಯೂಟರಿಗೆ ಅಕ್ಷರದ ರೂಪ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿಕೊಟ್ಟಿರುವ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ 3200ರಿಂದ 3327ರವರೆಗಿನ ಜಾಗ ಕನ್ನಡದ್ದು. ‘ಆ’ ಎಂದರೆ 3206. ‘ನ’ ಎಂದರೆ 3240. ‘ೆ’ ಎಂಬ ಎತ್ವದ ಚಿಹ್ನೆ 3270. ಹಾಗಾದರೆ

ಆನೆ: 3206 3240 3270
ಕಾಡಾನೆ: 3221 3262 3233 3262 3240 3270

ಎರಡನೇ ಸಾಲಿನಲ್ಲಿ 3206 ಎಲ್ಲಿದೆ? ಇಲ್ಲವೇ ಇಲ್ಲ. ಕಾಡು + ಆನೆ ಸೇರಿ ಕಾಡಾನೆ ಆಗುವಾಗ ‘ಕಾಡು’ವಿನ ಉಕಾರ ಬಿದ್ದುಹೋಗುತ್ತದೆ, ಅದೇ ಲೋಪಸಂಧಿ, ನಿಮ್ಮ ವ್ಯಾಕರಣದ ಪಾಠದಲ್ಲಿದೆ. ಸ್ವರವಾಗಿದ್ದ ‘ಆ’ ಆಗ ‘ಡ’ಕಾರಕ್ಕೆ ಅಂಟಿಕೊಂಡು ‘ಾ’ ಎಂಬ ದೀರ್ಘದ ಚಿಹ್ನೆಯಾಗುತ್ತದೆ, ಅದರ ಸಂಖ್ಯೆ 3262. ನಮ್ಮ ಕಿವಿಗೆ ಎರಡೂ ಒಂದೇ ಸದ್ದು. ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಸಂಖ್ಯೆ. ಮರಿ + ಆನೆ ಎಂಬಲ್ಲಿ ನಡುವೆ ಯಕಾರ ಬಂದು ಆಗಮಸಂಧಿಯಾಯಿತು, ಅಲ್ಲೂ ಕಥೆ ಇದೇ.

ಈಗ ನಾವು ಯಂತ್ರಕ್ಕೆ ಬೇರೆ ರೀತಿಯಲ್ಲಿ ಹೇಳಬೇಕು. ‘ಇದೇ ಪದ ಹುಡುಕು’ ಎನ್ನುವ ಬದಲು ‘ಇಂಥ ನಮೂನೆಯದು ಯಾವುದಿದ್ದರೂ ಹುಡುಕು’ ಎನ್ನಬೇಕು. ಹಾಗೆ ಹೇಳುವ ಪುಟ್ಟ ಭಾಷೆಯೊಂದಿದೆ. ಅದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ, ಬಳಸುವವರ ಬಾಯಲ್ಲಿ ರೆಜೆಕ್ಸ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಹುಡುಕುವ ಕಿಟಕಿಯ ತಳದಲ್ಲಿ ಅದಕ್ಕೊಂದು ಆಯ್ಕೆ ಇದೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ‘ಹುಡುಕು ಮತ್ತು ಬದಲಿಸು’ ಕಿಟಕಿಯ ಇತರ ಆಯ್ಕೆಗಳಲ್ಲಿ ಸಿಗುತ್ತದೆ. ವಿಎಸ್ ಕೋಡ್‌ನಲ್ಲಿ ಹುಡುಕುವ ಪೆಟ್ಟಿಗೆಯ ಪಕ್ಕದಲ್ಲೇ ಚುಕ್ಕಿ ಮತ್ತು ನಕ್ಷತ್ರ ಇರುವ ಸಣ್ಣ ಗುಂಡಿ. ಅದನ್ನು ಒತ್ತದೆ ಮುಂದಿನದನ್ನು ಮಾಡಿದರೆ ಏನೂ ಸಿಗುವುದಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ.

ಮೊದಲ ಪಾಠ, ಚೌಕ ಆವರಣ. ಚೌಕದೊಳಗೆ ಬರೆದವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು ಎಂದು ಅರ್ಥ.

[ಆಾ]ನೆ

‘ಆ’ ಇರಲಿ, ‘ಾ’ ಇರಲಿ, ಅದರ ಬೆನ್ನಿಗೆ ‘ನೆ’ ಇರಬೇಕು. ಆವರಣದೊಳಗೆ ದೀರ್ಘದ ಚಿಹ್ನೆ ಒಂಟಿಯಾಗಿರುವುದರಿಂದ ಕೆಲವು ಸಂಪಾದಕಗಳು ಅದರ ಪಕ್ಕ ಚುಕ್ಕಿಗಳ ಪುಟ್ಟ ವೃತ್ತವನ್ನು ತೋರಿಸುತ್ತವೆ. ‘ಇದಕ್ಕೆ ವ್ಯಂಜನ ಎಲ್ಲಿ?’ ಎಂದು ಅವು ಕೇಳುತ್ತಿವೆ ಅಷ್ಟೆ, ಗಾಬರಿ ಬೇಡ. ಒಂಟಿ ಚಿಹ್ನೆಯನ್ನು ಬೆರಳಚ್ಚಿಸಲು ಇನ್‌ಸ್ಕ್ರಿಪ್ಟ್ ಕೀಲಿಮಣೆ ಅನುಕೂಲ, ಅದರಲ್ಲಿ ಕಾಗುಣಿತದ ಚಿಹ್ನೆಗಳಿಗೆ ಪ್ರತ್ಯೇಕ ಕೀಲಿಗಳೇ ಇವೆ.

ಹುಡುಕಿ ನೋಡಿ. ಈ ಸಲ ಎಂಟು ಸಿಕ್ಕವು! ಕಾಡಾನೆ ಬಂತು, ಹೆಣ್ಣಾನೆ ಬಂತು, ಮರಿಯಾನೆ ಬಂತು, ಮದ್ದಾನೆಯೂ ಬಂತು. ಜೊತೆಗೆ ನಾಲ್ಕನೇ ಸಾಲಿನಲ್ಲಿ ಬೆಳಗೋಡಿನಿಂದ ಹೊರಟ ತಮ್ಮನೂ, ಆರನೇ ಸಾಲಿನಲ್ಲಿ ತೋಟದಲ್ಲಿದ್ದ ಅಣ್ಣನೂ ಆನೆಗಳ ಹಿಂಡಿಗೆ ಸೇರಿಬಿಟ್ಟರು. ಬರುತ್ತಾನೆ, ಇದ್ದಾನೆ ಎಂಬ ಎರಡೂ ಪದಗಳ ಕೊನೆಯಲ್ಲಿ ‘ಾನೆ’ ಇದೆಯಲ್ಲ! ಕನ್ನಡದಲ್ಲಿ ಹುಡುಗರು ಏನು ಮಾಡಿದರೂ ಕೊನೆಗೊಂದು ಆನೆ: ತಿನ್ನುತ್ತಾನೆ, ಓದುತ್ತಾನೆ, ಮಲಗಿದ್ದಾನೆ. ಹುಡುಗಿಯರಿಗೆ ಈ ಕಾಟ ಇಲ್ಲ. ಕಾರ್ಖಾನೆ, ಖಜಾನೆ, ದವಾಖಾನೆಗಳೊಳಗೂ ಆನೆ ಇದೆ, ಗಮನಿಸಿದ್ದಿರಾ?

ತಮ್ಮನನ್ನು ಹೊರಗೆ ಕಳಿಸೋಣ. ಚೌಕದೊಳಗೆ ಮೊದಲಿಗೇ ^ ಎಂಬ ಟೋಪಿ ಇಟ್ಟರೆ ‘ಇವುಗಳನ್ನು ಬಿಟ್ಟು ಬೇರೆ ಯಾವುದಾದರೂ’ ಎಂದಾಗುತ್ತದೆ. ದುಂಡು ಆವರಣದ ನಡುವೆ | ಗೆರೆ ಹಾಕಿದರೆ ‘ಇದು ಅಥವಾ ಅದು’.

(ಆ|[^ತ]ಾ)ನೆ

ಸ್ವರ ‘ಆ’ ಇರಲಿ, ಇಲ್ಲವೇ ತಕಾರವಲ್ಲದ ಯಾವುದಕ್ಕಾದರೂ ಅಂಟಿದ ದೀರ್ಘ ಇರಲಿ ಎಂದು ಇದರ ಅರ್ಥ. ‘ಬರುತ್ತಾನೆ’ ಹೊರಗೆ ಹೋಯಿತು. ಅಣ್ಣ ಇನ್ನೂ ಒಳಗೇ ಇದ್ದಾನೆ. ದಕಾರವನ್ನೂ ಸೇರಿಸಿ [^ತದ] ಎಂದರೆ ಅಣ್ಣನೂ ಹೊರಗೆ. ಆದರೆ ಈಗ ಏಳನೇ ಸಾಲು ನೋಡಿ: ಅಣ್ಣನ ಜೊತೆ ಮದ್ದಾನೆಯೂ ಹೊರಟುಹೋಯಿತು! ಇದ್ದಾನೆ, ಮದ್ದಾನೆ. ಮೊದಲ ಅಕ್ಷರ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಮದವೇರಿದ ಆನೆ ಯಾವುದು, ತೋಟದಲ್ಲಿರುವ ಅಣ್ಣ ಯಾರು ಎಂದು ಈ ನಮೂನೆಗೆ ತಿಳಿಯುವ ಉಪಾಯವೇ ಇಲ್ಲ, ಅದು ಅರ್ಥವನ್ನು ನೋಡುವುದಿಲ್ಲ. ಏಳು ಸಾಲಿನಲ್ಲಿ ಎಚ್ಚರಿಕೆಯಿಂದ ಓದಲೇಬೇಕಾಗಿದ್ದ ಸಂದೇಶ ಯಾವುದೋ, ಅದೇ ತಪ್ಪಿಹೋದದ್ದು. ಆದ್ದರಿಂದ ಅದನ್ನು ಹೆಸರು ಹಿಡಿದೇ ಒಳಗೆ ಕರೆಯಬೇಕು. ಸಲಗಕ್ಕೂ ಅಷ್ಟೇ, ಸಲಗ ಎಂದರೆ ಗಂಡಾನೆ ಎಂದು ನೀವು ಹೇಳದೆ ಯಂತ್ರಕ್ಕೆ ಗೊತ್ತಾಗುವುದಾದರೂ ಹೇಗೆ?

(ಆ|[^ತದ]ಾ|ಮದ್ದಾ)ನೆ|ಸಲಗ

ದಸರೆಯ ಸುದ್ದಿ ಕಡತದಲ್ಲಿದ್ದರೆ ಪಟ್ಟದಾನೆಯನ್ನೂ ಹೀಗೇ ಸೇರಿಸಬೇಕಾಗುತ್ತದೆ, ಅಲ್ಲಿಯೂ ದಕಾರ ಇದೆ. ಕಾರ್ಖಾನೆ, ಖಜಾನೆಗಳು ಕಡತದಲ್ಲಿದ್ದರೆ ಚೌಕದೊಳಗೆ ಖ, ಜ ಎರಡನ್ನೂ ಹಾಕಬೇಕಾಗುತ್ತದೆ. ಪರಿಪೂರ್ಣ ನಮೂನೆ ಬರೆಯಲು ಹೊರಟರೆ ರಾತ್ರಿ ಊಟಕ್ಕೂ ಏಳಲಾರಿರಿ. ನನ್ನ ಅಭಿಪ್ರಾಯ ಕೇಳಿದರೆ, ಕಡತ ಸಣ್ಣದಾಗಿದ್ದಾಗ ಸ್ವಲ್ಪ ಸಡಿಲ ನಮೂನೆಯೇ ಒಳ್ಳೆಯದು. ತಮ್ಮ, ಅಣ್ಣ ಬಂದರೆ ಬರಲಿ, ಕಣ್ಣಾಡಿಸಿ ಬಿಟ್ಟುಬಿಡಬಹುದು. ಮದ್ದಾನೆ ತಪ್ಪಿಹೋದರೆ ಅದು ತಪ್ಪಿಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಎಲ್ಲ ಕಡೆಯೂ ಸಡಿಲವೇ ಸರಿ ಎಂದಲ್ಲ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ನಿಮಗೆ ಗೊತ್ತಲ್ಲ. 2023ರ ಡಿಸೆಂಬರ್ 4ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ಜೊತೆ ಸೆಣಸಿ ಅವನು ಸತ್ತ. ಅವನ ಸುದ್ದಿಗಳನ್ನು ಕಡತದಲ್ಲಿ ಹುಡುಕಬೇಕು ಎನ್ನಿ. [ಅಾ]ರ್ಜುನ ಎಂದು ಜಾಣತನ ಮಾಡಿದರೆ ಊರಿನ ಮಲ್ಲಿಕಾರ್ಜುನರೆಲ್ಲ ಬಂದು ನಿಲ್ಲುತ್ತಾರೆ! ಬರೀ ‘ಅರ್ಜುನ’ ಎಂದರೆ ಮಲ್ಲಿಕಾರ್ಜುನ ಸಿಗುವುದಿಲ್ಲ, ಅವನ ‘ಅ’ ಸಂಧಿಯಲ್ಲಿ ಅಡಗಿಹೋಗಿದೆ. ಕಾಡಾನೆಯನ್ನು ನಮ್ಮಿಂದ ಮರೆಮಾಡಿದ ಸಂಧಿಯೇ ಇಲ್ಲಿ ಉಪಕಾರ ಮಾಡಿತು. ಅರ್ಜುನನಿಗೆ, ಅರ್ಜುನನನ್ನು ಎಂಬ ರೂಪಗಳೆಲ್ಲ ಸರಾಗವಾಗಿ ಸಿಗುತ್ತವೆ, ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹಿಂದೆ ಸೇರುವುದರಿಂದ ತಲೆ ಹಾಗೇ ಉಳಿಯುತ್ತದೆ.

ಇನ್ನು ಊರಿನ ಹೆಸರಿನ ಸರದಿ. ಆನೇಮಹಲ್, ಆನೆಮಹಲ್, ಆನೇಮಹಲು, ಆನೆಮಹಲು ಎಂದು ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ನಾಲ್ಕು ಸಲ ಹುಡುಕುವುದೇಕೆ?

ಆನ[ೆೇ]ಮಹಲ[್ು]

ಮೊದಲ ಚೌಕದಲ್ಲಿ ಎತ್ವ ಅಥವಾ ಏತ್ವ. ಎರಡನೆಯದರಲ್ಲಿ ಅರ್ಧಾಕ್ಷರದ ಗುರುತು ಅಥವಾ ಉಕಾರದ ಕೊಂಬು. ಎರಡು ಎರಡಲ ನಾಲ್ಕು, ಎಲ್ಲ ರೂಪಗಳೂ ಒಂದೇ ಬಲೆಗೆ. ಇಷ್ಟಾದರೂ ಒಂದು ಚೇಷ್ಟೆ ಉಳಿದಿದೆ. ‘ೇ’ ಚಿಹ್ನೆಯನ್ನು 3271 ಎಂಬ ಒಂದೇ ಸಂಖ್ಯೆಯಲ್ಲೂ ಉಳಿಸಬಹುದು. 3270, 3285 ಎಂದು ಎತ್ವಕ್ಕೆ ದೀರ್ಘದ ಬಾಲ ಸೇರಿಸಿ ಎರಡು ಸಂಖ್ಯೆಗಳಲ್ಲೂ ಉಳಿಸಬಹುದು. ಪರದೆಯ ಮೇಲೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣದು. ಎಲ್ಲವೂ ಸರಿಯಾಗಿದ್ದೂ ಪದ ಸಿಗುತ್ತಿಲ್ಲ ಎಂದಾದರೆ ಇದನ್ನು ಅನುಮಾನಿಸಿ, ಚೌಕಕ್ಕೆ ಬಾಲವನ್ನೂ ಸೇರಿಸಿ ಪಕ್ಕದಲ್ಲಿ + ಹಾಕಿ: [ೆೇೕ]+ ಎಂದು. ‘ಒಂದು ಅಥವಾ ಹೆಚ್ಚು’ ಎಂಬುದು + ಗುರುತಿನ ಅರ್ಥ. ಯಾರೋ ಹೆದರಿ ‘ಓಓಓಡಿ’ ಎಂದು ಸಂದೇಶ ಕಳಿಸಿದ್ದರೆ ಓ+ಡಿ ಎಂದರೆ ಸಿಗುತ್ತದೆ, ಅವರು ಎಷ್ಟು ಓಕಾರ ಒತ್ತಿದ್ದರೂ ಸರಿ.

ಕಣ್ಣಿಗೇ ಕಾಣದ ಅಕ್ಷರ ಒಂದಿದೆ ಎಂದರೆ ನಂಬುತ್ತೀರಾ? ‘ಆನೇಮಹಲ್‌ನಲ್ಲಿ’ ಎಂದು ಬರೆಯುವಾಗ ‘ಲ್’ ಆದ ಮೇಲೆ ‘ನ’ ಬಂದರೆ ಅದು ಒತ್ತಕ್ಷರವಾಗಿ ‘ಆನೇಮಹಲ್ನಲ್ಲಿ’ ಎಂದು ಕೆಳಗೆ ಜೋತುಬೀಳುತ್ತದೆ. ಹಾಗಾಗದಿರಲು ನಡುವೆ 8204 ಎಂಬ ಸಂಖ್ಯೆಯ ಅಗೋಚರ ಅಕ್ಷರವನ್ನು ಹಾಕುತ್ತಾರೆ. ಅದಕ್ಕೆ ಅಗಲವೂ ಇಲ್ಲ, ಸದ್ದೂ ಇಲ್ಲ, ಎರಡು ಅಕ್ಷರ ಅಂಟದಂತೆ ತಡೆಯುವುದಷ್ಟೇ ಅದರ ಕೆಲಸ. ಒಬ್ಬರು ಅದನ್ನು ಹಾಕಿ ಬರೆದು, ಇನ್ನೊಬ್ಬರು ಹಾಕದೆ ಬರೆದಿದ್ದರೆ?

ಆನೇಮಹಲ್.?ನಲ್ಲಿ

ಚುಕ್ಕಿ ಎಂದರೆ ‘ಯಾವುದಾದರೂ ಒಂದು’. ಪ್ರಶ್ನಾರ್ಥಕ ಎಂದರೆ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’. ಎರಡೂ ಸೇರಿ ಆ ಅಗೋಚರ ಅಕ್ಷರಕ್ಕೆ ಜಾಗ ಬಿಟ್ಟುಕೊಟ್ಟವು. ಈ ಚುಕ್ಕಿ ಯೂನಿಕೋಡಿನ ಒಂದು ಸಂಖ್ಯೆಗೆ ಸಮ, ನಾವು ಬಾಯಲ್ಲಿ ಹೇಳುವ ಒಂದು ಅಕ್ಷರಕ್ಕಲ್ಲ. ‘ಆನೆ’ ನಮಗೆ ಎರಡಕ್ಷರ, ಅದಕ್ಕೆ ಮೂರು ಚುಕ್ಕಿ ಬೇಕು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಎಷ್ಟು ಬೇಕು, ಎಣಿಸಿ ನೋಡಿ. ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಗುರುತು, ರ, ಈತ್ವ: ಆರು!

ಊರುಗಳ ಪಟ್ಟಿಯೊಂದನ್ನು ಸಾಲಿಗೊಂದರಂತೆ ಬರೆದುಕೊಂಡರೆ ಆಟ ಇನ್ನೂ ರಂಗೇರುತ್ತದೆ. ಆಲೂರು, ಆನೇಮಹಲ್, ಐಗೂರು, ಹೆತ್ತೂರು, ಯಸಳೂರು, ವನಗೂರು, ಹಾನುಬಾಳು, ಬೆಳಗೋಡು, ಮಾರನಹಳ್ಳಿ, ಬಿರಡಹಳ್ಳಿ, ಬ್ಯಾಕರವಳ್ಳಿ, ಹೊಂಗಡಹಳ್ಳ, ಬಾಳ್ಳುಪೇಟೆ. ಚೌಕದ ಹೊರಗೆ, ನಮೂನೆಯ ಆರಂಭದಲ್ಲಿ ಇಟ್ಟ ^ ಎಂದರೆ ಸಾಲಿನ ಮೊದಲು. $ ಎಂದರೆ ಸಾಲಿನ ಕೊನೆ. ‘ಊರು’ ಎಂದು ಮುಗಿಯುವ ಹೆಸರುಗಳು ಬೇಕೆಂದು ಊರು$ ಎಂದರೆ ಒಂದೂ ಸಿಗದು. ಕಾರಣ ಈಗ ನೀವೇ ಹೇಳಬಲ್ಲಿರಿ. ಸರಿಯಾದ ನಮೂನೆ ೂರು$, ಆಗ ಐದು ಹೆಸರು ಬರುತ್ತವೆ. [ಹವ]ಳ್ಳಿ?$ ಎಂದರೆ ಮಾರನಹಳ್ಳಿ, ಬಿರಡಹಳ್ಳಿ, ಬ್ಯಾಕರವಳ್ಳಿಗಳ ಜೊತೆ ಹೊಂಗಡಹಳ್ಳವೂ ಸಿಗುತ್ತದೆ, ಕೊನೆಯ ಗುಡಿಸು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದಿದ್ದೇವಲ್ಲ. ಸ್ವರದಿಂದ ಶುರುವಾಗುವ ಊರುಗಳಿಗೆ ^[ಅ-ಔ]. ನಡುವಿನ ಅಡ್ಡಗೆರೆ ‘ಇಲ್ಲಿಂದ ಅಲ್ಲಿಯವರೆಗೆ’ ಎನ್ನುತ್ತದೆ. ವ್ಯಂಜನಗಳಿಗೆ [ಕ-ಹ]. ವರ್ಣಮಾಲೆಯಲ್ಲಿ ಹಕಾರದ ಆಚೆ ಇರುವ ‘ಳ’ ಬಿಟ್ಟುಹೋಯಿತೇ ಎಂದು ಹುಬ್ಬು ಏರಿಸಬೇಡಿ. ಯೂನಿಕೋಡಿನ ಸಾಲಿನಲ್ಲಿ ಳಕಾರ ಲಕಾರದ ಮಗ್ಗುಲಲ್ಲೇ ಕೂತಿದೆ.

ಹಳೆಯ ಕಾಗದಪತ್ರ ಹುಡುಕುವವರು ಇನ್ನೊಂದು ವಿಷಯ ತಿಳಿದಿರಬೇಕು. ಈಗಿನ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ತಾಲ್ಲೂಕು ಎಂದೇ ಹೆಸರಿತ್ತು. ಸಕಲೇಶಪುರ|ಮಂಜರಾಬಾದ್ ಎಂದು ಗೆರೆ ಹಾಕಿ ಹುಡುಕದಿದ್ದರೆ ಅರ್ಧ ಚರಿತ್ರೆ ಕೈತಪ್ಪುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತವಾದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಅಂಥ ಕಡತದಲ್ಲಿ ಕನ್ನಡವಾಗಿ ಕಾಣುವುದು ಫಾಂಟಿನ ವೇಷ ಮಾತ್ರ, ಒಳಗಿನ ಸಂಖ್ಯೆಗಳು ರೋಮನ್ ಲಿಪಿಯ ಅಕ್ಷರ, ಗುರುತುಗಳವು.

ಇಷ್ಟೆಲ್ಲ ಹುಡುಕುವ ಯಂತ್ರದ ತಲೆಯೊಳಗೆ ಏನು ನಡೆಯುತ್ತದೆ? ಕಾಗದ ತೆಗೆದುಕೊಳ್ಳಿ. ನಾಲ್ಕು ವೃತ್ತ ಬರೆದು 0, 1, 2, 3 ಎಂದು ಸಂಖ್ಯೆ ಹಾಕಿ. ನಮೂನೆ ಆನ[ೆೇ] ಇರಲಿ. ಬೆರಳನ್ನು 0ಯ ಮೇಲಿಟ್ಟು ಸಾಲನ್ನು ಒಂದೊಂದೇ ಗುರುತಾಗಿ ಓದಿ. ‘ಆ’ ಬಂದರೆ ಬೆರಳು 1ಕ್ಕೆ, ಅದರ ಬೆನ್ನಿಗೇ ‘ನ’ ಬಂದರೆ 2ಕ್ಕೆ, ಆಮೇಲೆ ‘ೆ’ ಅಥವಾ ‘ೇ’ ಬಂದರೆ 3ಕ್ಕೆ. 3 ತಲುಪಿದರೆ ಸಿಕ್ಕಿತು! ನಡುವೆ ಬೇರೇನಾದರೂ ಬಂದರೆ ವಾಪಸ್ 0ಗೆ. ಹೊಸದಾಗಿ ‘ಆ’ ಬಂದರೆ ಮಾತ್ರ 1ಕ್ಕೆ. ‘ಆನಂದ’ ಎಂಬ ಪದ ಓದಿ ನೋಡಿ. ಬೆರಳು 1, 2 ಎಂದು ಉತ್ಸಾಹದಲ್ಲಿ ಓಡಿ, ಸೊನ್ನೆಯ ಗುರುತು ‘ಂ’ ಬಂದ ಕೂಡಲೇ 0ಗೆ ಬೀಳುತ್ತದೆ. ಹಿಂದೆ ಏನೇನು ಓದಿದೆ ಎಂದು ಯಂತ್ರ ನೆನಪಿಟ್ಟುಕೊಂಡಿಲ್ಲ, ಬೆರಳು ಯಾವ ವೃತ್ತದ ಮೇಲಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅಷ್ಟರಲ್ಲೇ ಕೆಲಸ ಮುಗಿಯುತ್ತದೆ ಎಂಬುದೇ ಇದರ ಸೊಗಸು.

ಈ ವೃತ್ತಗಳ ಯೋಚನೆ ಹುಟ್ಟಿದ್ದು ಪದ ಹುಡುಕುವುದಕ್ಕಲ್ಲ, ಮಿದುಳನ್ನು ಅರಿಯುವುದಕ್ಕೆ! 1943ರಲ್ಲಿ ಅಮೆರಿಕದ ವಾರನ್ ಮೆಕಲಕ್ ಮತ್ತು ಆಗಿನ್ನೂ 20ರ ಹುಡುಗ ವಾಲ್ಟರ್ ಪಿಟ್ಸ್ ಸೇರಿ ನರಕೋಶಗಳ ಜಾಲ ಹೇಗೆ ಲೆಕ್ಕ ಮಾಡಬಹುದು ಎಂದು ಬರೆದರು. ಅಂಥ ಜಾಲ ಯಾವ ಯಾವ ನಮೂನೆಗಳನ್ನು ಗುರುತಿಸಬಲ್ಲದು ಎಂದು 1951ರಲ್ಲಿ ಗಣಿತಜ್ಞ ಸ್ಟೀಫನ್ ಕ್ಲೇನಿ ಯೋಚಿಸಿದರು, ಅದು 1956ರಲ್ಲಿ ಅಚ್ಚಾಯಿತು. ‘ಸೊನ್ನೆ ಸಲ ಅಥವಾ ಎಷ್ಟು ಸಲವಾದರೂ’ ಎಂಬುದಕ್ಕೆ ಬಳಸುವ * ಗುರುತಿಗೆ ಇಂದಿಗೂ ಕ್ಲೇನಿ ನಕ್ಷತ್ರ ಎಂದೇ ಹೆಸರು. (ಮಂಜರಾಬಾದ್ ಕೋಟೆಯ ನಕ್ಷತ್ರ ಇದಕ್ಕಿಂತ ಚೆಂದ, ಅದು ಬೇರೆ ಮಾತು.) ಗಣಿತದ ಪುಸ್ತಕದಲ್ಲಿದ್ದ ಇದನ್ನು ಪಠ್ಯ ಸಂಪಾದಕಕ್ಕೆ ತಂದವರು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, 1968ರಲ್ಲಿ ಅವರ ವಿಧಾನ ಪ್ರಕಟವಾಯಿತು. ನಮೂನೆಯಲ್ಲಿ ‘ಇದು ಅಥವಾ ಅದು’ ಬಂದಾಗ ಒಂದು ದಾರಿ ಹಿಡಿದು, ಸೋತು, ಹಿಂದೆ ಬಂದು ಇನ್ನೊಂದು ಹಿಡಿಯುವ ಬದಲು ಸಾಧ್ಯವಿರುವ ಎಲ್ಲ ವೃತ್ತಗಳ ಮೇಲೂ ಒಟ್ಟಿಗೆ ಬೆರಳಿಡಿ ಎಂದರು ಅವರು. ಆಗ ಕಡತವನ್ನು ಒಂದೇ ಸಲ ಓದಿದರೆ ಸಾಕು. ಯುನಿಕ್ಸ್ ಬಳಸುವವರೆಲ್ಲರಿಗೂ ಗೊತ್ತಿರುವ ‘ಗ್ರೆಪ್’ ಎಂಬ ಹುಡುಕುವ ಸಾಧನವೂ ಅವರದೇ.

ನಕ್ಷತ್ರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಮಾಪಕ ಇಟ್ಟು ದಿನದಿನದ ಮಳೆಯನ್ನು ಬರೆದಿಡುವ ರೂಢಿ ಇದೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ: ನೂರು ಸೆಂಟ್ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಜ್ಜನ ಮಳೆ ಪುಸ್ತಕವನ್ನು ನೀವು ಕಂಪ್ಯೂಟರಿಗೆ ಇಳಿಸಿದ್ದೀರಿ, ಒಂದು ಸಾಲು ಹೀಗಿದೆ ಎಂದುಕೊಳ್ಳಿ:

2019-06-12 (ಬೆಳಿಗ್ಗೆ) 1.20 (ಸಂಜೆ) 0.45

ಆವರಣದಲ್ಲಿರುವ ಪದಗಳು ಬೇಕು. ದುಂಡು ಆವರಣಕ್ಕೆ ಈ ಭಾಷೆಯಲ್ಲಿ ಬೇರೆ ಕೆಲಸ ಇರುವುದರಿಂದ, ‘ನಾನು ಹೇಳುತ್ತಿರುವುದು ನಿಜವಾದ ಆವರಣ’ ಎಂದು ತಿಳಿಸಲು ಅದರ ಮುಂದೆ \ ಹಾಕಬೇಕು. \(.*\) ಎಂದು ಕೊಟ್ಟು ನೋಡಿ. ‘(ಬೆಳಿಗ್ಗೆ)’ ಎಂದಷ್ಟೇ ಸಿಗಬೇಕಿತ್ತು, ಸಿಕ್ಕಿದ್ದು ‘(ಬೆಳಿಗ್ಗೆ) 1.20 (ಸಂಜೆ)’ ಪೂರ್ತಿ! ಬಾಳೆತೋಟಕ್ಕೆ ನುಗ್ಗಿದ ಆನೆಯ ಹಾಗೆ ನಕ್ಷತ್ರ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ತೀರಾ ಕೊನೆಯ ಆವರಣದವರೆಗೂ ಹೋಗಿ ನಿಲ್ಲುತ್ತದೆ. ಅದಕ್ಕೆ ಮಿತಿ ಹಾಕಲು ಚುಕ್ಕಿಯ ಬದಲು ‘ಮುಚ್ಚುವ ಆವರಣ ಬಿಟ್ಟು ಬೇರೆ ಏನಾದರೂ’ ಎನ್ನಿ: \([^)]*\). ಮೊದಲ ಮುಚ್ಚುವ ಆವರಣ ಬಂದ ಕಡೆ ನಿಲ್ಲುತ್ತದೆ. 1.20ರ ನಡುವಿನ ಚುಕ್ಕಿಗೂ \ ಬೇಕು. ಇಲ್ಲದಿದ್ದರೆ 1.20 ಎಂಬ ನಮೂನೆಗೆ 1-20, 1/20, 1520 ಎಲ್ಲವೂ ಹೊಂದುತ್ತವೆ.

ನನಗೆ ಈ ಭಾಷೆಯಲ್ಲಿ ತುಂಬ ಇಷ್ಟವಾಗುವುದು ದಿನಾಂಕ ತಿರುಗಿಸುವುದು. ಮೇಲಿನ ಸಾಲಿನಲ್ಲಿ ವರ್ಷ ಮೊದಲಿದೆ. ನಮಗೆ ದಿನ ಮೊದಲಿರಬೇಕು. ಮಳೆ ಪುಸ್ತಕದಲ್ಲಿ ಇಂಥ ಸಾಲು ಸಾವಿರಾರು. ಹುಡುಕುವ ಪೆಟ್ಟಿಗೆಯಲ್ಲಿ

([0-9]+)-([0-9]+)-([0-9]+)

ಎಂದೂ ಬದಲಿಸುವ ಪೆಟ್ಟಿಗೆಯಲ್ಲಿ

$3-$2-$1

ಎಂದೂ ಬರೆಯಿರಿ. ದುಂಡು ಆವರಣದೊಳಗೆ ಸಿಕ್ಕಿದ್ದನ್ನು ಮಾತ್ರ ಯಂತ್ರ ಒಂದು, ಎರಡು, ಮೂರು ಎಂದು ನೆನಪಿಟ್ಟುಕೊಳ್ಳುತ್ತದೆ. $3 ಎಂದರೆ ಮೂರನೆಯದು. ಗುಂಡಿ ಒತ್ತಿದ ಕ್ಷಣದಲ್ಲಿ ಅಜ್ಜನ ಅಷ್ಟೂ ಮಳೆಗಾಲಗಳು 12-06-2019 ಎಂಬಂತೆ ತಿರುಗಿ ನಿಲ್ಲುತ್ತವೆ. ಯಾರಾದರೂ ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಚೌಕದಲ್ಲಿ [0-9೦-೯] ಎಂದು ಸೇರಿಸಿಕೊಳ್ಳಿ. ಅಂದ ಹಾಗೆ ‘ಕಾಲ’ ಎಂದು ಹುಡುಕಿದರೆ ಮಳೆಗಾಲ, ಚಳಿಗಾಲ ಎರಡೂ ಸಿಗುವುದಿಲ್ಲ. ಆದೇಶಸಂಧಿಯಲ್ಲಿ ಕಕಾರ ಗಕಾರವಾಗಿದೆ, [ಕಗ]ಾಲ ಎನ್ನಬೇಕು. ಆಗ ಕಾಲು, ಗಾಲಿಗಳೂ ಬರುತ್ತವೆ, ಅವನ್ನು ನೀವೇ ವಿಚಾರಿಸಿಕೊಳ್ಳಿ.

‘ಎಲ್ಲ ಬದಲಿಸು’ ಗುಂಡಿ ಒತ್ತುವ ಮೊದಲು ಕಡತದ ಒಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಮೊದಲ ನಾಲ್ಕೈದನ್ನು ಒಂದೊಂದಾಗಿ ಬದಲಿಸಿ ನೋಡಿ, ಆಮೇಲೆ ಮಿಕ್ಕಿದ್ದು. ಯಾಕೆಂದು ತಿಳಿಯಬೇಕಾದರೆ ನಮ್ಮ ಏಳು ಸಾಲಿನಲ್ಲಿ [ಆಾ]ನೆ ಎಂದು ಹುಡುಕಿ, ಎಲ್ಲ ಕಡೆಯೂ ‘ಗಜ’ ಎಂದು ಬದಲಿಸಿಬಿಡಿ. ದೋಣಿಗಾಲ್ ಕಡೆ ಒಂದು ಕಾಡಗಜ. ಯಸಳೂರು ಹತ್ತಿರ ಮದ್ದಗಜ. ಒಂದನೇ ಸಾಲಿನ ಆನೇಮಹಲ್ ಏತ್ವದ ದಯೆಯಿಂದ ಬಚಾವಾಗಿ, ಐದನೇ ಸಾಲಿನ ಅದೇ ಊರು ಗಜಮಹಲು ಆಗಿರುತ್ತದೆ. ಅಣ್ಣ ತೋಟದಲ್ಲಿ ಇದ್ದಗಜ, ತಮ್ಮ ನಾಳೆ ಬೆಳಗೋಡಿನಿಂದ ಬರುತ್ತಗಜ. ನಕ್ಕು ಮುಗಿದ ಮೇಲೆ ಕಂಟ್ರೋಲ್ ಕೀಲಿಯ ಜೊತೆ ಝಡ್ ಒತ್ತಿ, ಎಲ್ಲವೂ ವಾಪಸ್ ಬರುತ್ತವೆ. ಕಡತ ಮುಚ್ಚಿದ ಮೇಲೆ ಒತ್ತಿದರೆ ಮಾತ್ರ ಬರುವುದಿಲ್ಲ.